ಚೆಂಡು ಕೈಯಲ್ಲಿ ಇಲ್ಲದಾಗ

(ತಂಡಕ್ಕೆ ಹುಡುಗರನ್ನು ಆರಿಸುವ ಬಗ್ಗೆ ಪ್ರೌಢಶಾಲೆಯ ದೈಹಿಕ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ನಿಮ್ಮ ಹಾಗೆ ಪಿ.ಟಿ. ಮೇಷ್ಟ್ರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್ ಟೌನಿಗೆ ಹೋದವನು, ಕೆಲವು ವರ್ಷ ಅಲ್ಲೇ ಇದ್ದೆ. ಮಗ ಶಾಲೆಯಲ್ಲಿ ರಗ್ಬಿಗೆ ಸೇರಿದ. ಶನಿವಾರ ಬೆಳಗ್ಗೆ ಅವನನ್ನು ಬಿಟ್ಟು ಬರುವುದು ನನ್ನ ಕೆಲಸ. ಬಿಟ್ಟು ಬರುವವನು ಗೆರೆಯ ಹೊರಗೆ ನಿಂತು ನೋಡತೊಡಗಿದೆ. ಆಮೇಲೆ ನೀರಿನ ಬಾಟಲಿ ಹೊತ್ತೆ. ಆಮೇಲೆ ಬಾಕ್‌ಸ್ಮಾರ್ಟ್ ಅನ್ನುವ ಅಲ್ಲಿನ ಸುರಕ್ಷತಾ ತರಬೇತಿ ಮುಗಿಸಿದೆ. ಅದು ಅಲ್ಲಿ ಕೋಚ್‌ಗಳಿಗೂ ರೆಫರಿಗಳಿಗೂ ಕಡ್ಡಾಯ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಕಡೆಗೆ ಸೆಲೆಕ್ಷನ್ ಟ್ರಯಲ್ಸ್‌ನಲ್ಲಿ ಪುಸ್ತಕ ಪೆನ್ನು ಹಿಡಿದು ಅಂಕ ಬರೆಯುವವನೂ ಆದೆ. ಹುಡುಗರು ನನ್ನನ್ನು 'ಊಮ್' ಅನ್ನುತ್ತಿದ್ದರು. ಆಫ್ರಿಕಾನ್ಸ್ ಭಾಷೆಯಲ್ಲಿ ಅಂಕಲ್ ಅಂತ.

ರಗ್ಬಿ ನಮಗೆ ತೀರಾ ಹೊರಗಿನದೇನೂ ಅಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಆಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು ನಮ್ಮ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು. ಕಲ್ಕತ್ತಾದ ಒಂದು ಕ್ಲಬ್ 1878ರಲ್ಲಿ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ದುಡ್ಡು ಅದು. ಮೂರು ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 2025ರ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ತಂಡವೂ ಇತ್ತು. ಆದರೆ ನಾನು ಹೇಳಬೇಕೆಂದಿರುವುದು ಕಬಡ್ಡಿ, ವಾಲಿಬಾಲ್ ತಂಡ ಆರಿಸುವ ನಿಮಗೂ ತಾಗುತ್ತದೆ ಅಂತ ನನ್ನ ಅಂದಾಜು.

ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಕೇಪ್‌ನಲ್ಲಿ ಮಳೆಗಾಲವೂ ಚಳಿಗಾಲವೂ ಒಟ್ಟಿಗೇ ಬರುತ್ತವೆ. ಅಂಥ ಒಂದು ಒದ್ದೆ ಬೆಳಗ್ಗೆ ಅಂಡರ್-16 ಟ್ರಯಲ್ಸ್. ಬೇರೆ ಬೇರೆ ಶಾಲೆಯ ಹುಡುಗರನ್ನು ಕಲಸಿ ತಂಡ ಮಾಡಿದ್ದಾರೆ. ನೀಲಿ ತಂಡದಲ್ಲಿ 15ನೇ ನಂಬರಿನವನು ಫುಲ್‌ಬ್ಯಾಕ್. ಎಲ್ಲರಿಗಿಂತ ಹಿಂದೆ ಒಬ್ಬನೇ ನಿಂತು, ಎದುರಾಳಿ ಒದ್ದ ಚೆಂಡನ್ನು ಹಿಡಿಯುವವನು. ಇಪ್ಪತ್ತು ನಿಮಿಷದಲ್ಲಿ ಅವನಿಗೆ ಚೆಂಡು ಸಿಕ್ಕಿದ್ದು ಎರಡೇ ಸಲ. 'ಕಾಣಿಸಲೇ ಇಲ್ಲ, ಹತ್ತಕ್ಕೆ ನಾಲ್ಕು' ಅಂತ ಬರೆದೆ.

ಮೈದಾನದ ಆಚೆ ಕಡೆ ನನ್ನ ಜೊತೆಗಾರರು ನಿಂತಿದ್ದರು. ರಿಟೈರ್ ಆದ ಮೇಷ್ಟ್ರು. ಅವರು ಎಂಟು ಕೊಟ್ಟಿದ್ದರು. ನಾನು ಕಾರಣ ಕೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು. 'ಬಿಳಿ ತಂಡದ ಹತ್ತನೇ ನಂಬರಿನವನು ಎಷ್ಟು ಸಲ ಒದೆಯೋಕೆ ಹೋಗಿ ಸುಮ್ಮನಾದ, ಎಣಿಸಿದ್ರಾ?' ನಾನು ಎಣಿಸಿರಲಿಲ್ಲ. ಐದು ಸಲವಂತೆ. ಪ್ರತಿ ಸಲ ಅವನು ತಲೆ ಎತ್ತಿ ನೋಡಿದಾಗ, ಅವನು ಎಲ್ಲಿಗೆ ಒದೆಯಬೇಕು ಅಂದುಕೊಂಡಿದ್ದನೋ ಅಲ್ಲೇ ನಮ್ಮ ನೀಲಿ ಹುಡುಗ ನಿಂತಿದ್ದ. ಒದೆಯೋದು ಬಿಟ್ಟು ಕೈಯಲ್ಲೇ ಪಾಸ್ ಕೊಟ್ಟ. ಅಂದರೆ ನೀಲಿ ಹುಡುಗನ ಹತ್ತಿರ ಚೆಂಡು ಬರದೇ ಇದ್ದದ್ದು ಅವನು ಸರಿಯಾದ ಜಾಗದಲ್ಲಿ ಇದ್ದದ್ದಕ್ಕೇ. ನಾನು ಚೆಂಡನ್ನು ನೋಡುತ್ತಿದ್ದೆ. ಆ ಮೇಷ್ಟ್ರು ಹುಡುಗನನ್ನು ನೋಡುತ್ತಿದ್ದರು.

ನಾಚಿಕೆ ಆಯಿತು. ಎರಡು ದಿನ ನಿದ್ದೆ ಸರಿ ಬರಲಿಲ್ಲ ಅಂದರೆ ಸುಳ್ಳಲ್ಲ. ಹಿಂದೆ ಎಷ್ಟು ಹುಡುಗರಿಗೆ ಹೀಗೆ ನಾಲ್ಕು ಕೊಟ್ಟಿದ್ದೆನೋ ಅನ್ನೋ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ಅಲ್ಲಿ ಈ ಆಯ್ಕೆಗೆ ಎಷ್ಟು ತೂಕ ಇದೆ ಅಂತ ಸ್ವಲ್ಪ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಕ್ರೇವನ್ ವೀಕ್ ಅಂತ ಒಂದು ಕೂಟ ಇದೆ. ಶಾಲಾ ಹುಡುಗರ ಪ್ರಾಂತೀಯ ತಂಡಗಳು ಚಳಿಗಾಲದ ರಜೆಯಲ್ಲಿ ಒಂದು ವಾರ ಒಂದೇ ಊರಿನಲ್ಲಿ ಸೇರಿ ಆಡುತ್ತವೆ. 1964ರಲ್ಲಿ ಈಸ್ಟ್ ಲಂಡನ್ ಅನ್ನುವ ಊರಲ್ಲಿ ಶುರುವಾಯಿತು. ಅದೂ ದಕ್ಷಿಣ ಆಫ್ರಿಕಾದ್ದೇ ಊರು, ಇಂಗ್ಲೆಂಡಿನದಲ್ಲ. ಅಲ್ಲಿನ ರಗ್ಬಿ ಮಂಡಳಿಗೆ ಆಗ 75 ವರ್ಷ. ಮಂಡಳಿಯ ಅಧ್ಯಕ್ಷ ಡ್ಯಾನಿ ಕ್ರೇವನ್ ಅವರ ಹೆಸರನ್ನೇ ಇಟ್ಟರು. ಮೊದಲ ವರ್ಷಗಳಲ್ಲಿ ಬಿಳಿಯರ ಮಕ್ಕಳಿಗೆ ಮಾತ್ರ ಅವಕಾಶ, ವರ್ಣಭೇದದ ಕಾಲ ಅದು. ಈಗ ಎಲ್ಲರೂ ಆಡುತ್ತಾರೆ. ಅಂಡರ್-18ರದ್ದು ಮುಖ್ಯ ಕೂಟ. ಅಂಡರ್-16ರದ್ದಕ್ಕೆ ಗ್ರಾಂಟ್ ಖೋಮೋ ವೀಕ್ ಅಂತ ಹೆಸರು. ಅಂಡರ್-13ಕ್ಕೂ ಒಂದು ಇತ್ತು. ನನಗೆ ಇಷ್ಟವಾದ ವಿಷಯ ಏನು ಗೊತ್ತಾ? ಕ್ರೇವನ್ ವೀಕ್‌ನಲ್ಲಿ ಅಧಿಕೃತವಾಗಿ ಫೈನಲ್ ಇಲ್ಲ. ಕೊನೆಯ ದಿನದ ಕೊನೆಯ ಪಂದ್ಯವನ್ನು ಜನ ತಾವೇ ಫೈನಲ್ ಅಂತ ಕರೆಯುತ್ತಾರೆ, ಅಷ್ಟೇ. ಹುಡುಗರನ್ನು ನೋಡೋದಕ್ಕೆ ಇರುವ ಕೂಟ ಅದು. ದೊಡ್ಡ ತಂಡಗಳ ಏಜೆಂಟರು, ಕೋಚ್‌ಗಳು ಗೆರೆಯ ಹೊರಗೆ ಸಾಲಾಗಿ ನಿಂತಿರುತ್ತಾರೆ. ಒಬ್ಬ ಹುಡುಗನಿಗೆ ಆ ವಾರದ ಜರ್ಸಿ ಸಿಕ್ಕರೆ ಸ್ಕಾಲರ್‌ಶಿಪ್ಪು, ಕರಾರು, ಎಲ್ಲ ಬಾಗಿಲೂ ಅರ್ಧ ತೆರೆದ ಹಾಗೆ.

ಹಾಗಿದ್ದರೆ ಆರಿಸುವವರು ಎಷ್ಟು ಸರಿ ಆರಿಸುತ್ತಾರೆ?

ಇದನ್ನು ಅಲ್ಲಿನವರೇ ಎಣಿಸಿ ನೋಡಿದ್ದಾರೆ. ಕೇಪ್ ಟೌನಿನ ಕ್ರೀಡಾ ವಿಜ್ಞಾನಿಗಳು 2005ರ ಅಂಡರ್-13 ಕೂಟದಲ್ಲಿ ಆಡಿದ 349 ಹುಡುಗರ ಹೆಸರು ಹಿಡಿದು ಹಿಂದೆ ಬಿದ್ದರು. ಅವರಲ್ಲಿ ಅಂಡರ್-16 ಕೂಟಕ್ಕೆ ಮತ್ತೆ ಆಯ್ಕೆ ಆದವರು ನೂರಕ್ಕೆ 31.5. ಅಂಡರ್-18ಕ್ಕೆ ಬಂದವರು ನೂರಕ್ಕೆ 24.1. ಅಂದರೆ ಹದಿಮೂರಕ್ಕೆ 'ಪ್ರಾಂತ್ಯದ ಬೆಸ್ಟ್' ಅನ್ನಿಸಿಕೊಂಡ ನಾಲ್ವರಲ್ಲಿ ಮೂವರು ಹದಿನೆಂಟಕ್ಕೆ ಪಟ್ಟಿಯಲ್ಲಿ ಇಲ್ಲ. ಕೆಲವರಿಗೆ ಪೆಟ್ಟಾಗಿರಬಹುದು, ಕೆಲವರಿಗೆ ಸಾಕಾಗಿರಬಹುದು, ಕೆಲವರು ಕ್ರಿಕೆಟ್ಟಿಗೆ ಹೋಗಿರಬಹುದು. ಎಲ್ಲವನ್ನೂ ಸೆಲೆಕ್ಟರ್ ತಲೆಗೆ ಕಟ್ಟೋಕಾಗಲ್ಲ. ಆದರೂ ಈ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಹದಿನೆಂಟಕ್ಕೆ ಆ ಜಾಗಗಳಲ್ಲಿ ಯಾರೋ ಆಡಿದರಲ್ಲ? ಹದಿಮೂರಕ್ಕೆ ಅವರು ಎಲ್ಲಿದ್ದರು? ಬಹಳ ಮಂದಿ ಯಾವುದೋ ಟ್ರಯಲ್ಸ್‌ನಲ್ಲಿ ಹತ್ತಕ್ಕೆ ನಾಲ್ಕು ತಗೊಂಡು ಮನೆಗೆ ಹೋಗುತ್ತಿದ್ದಿರಬಹುದು.

ಹೀಗೆ ಯಾಕೆ ಆಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಏಳನೇ ಕ್ಲಾಸಿನ ಸಾಲಿನಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಪಕ್ಕದವನು ಇನ್ನೂ ಐದನೇ ಕ್ಲಾಸಿನವನ ಹಾಗಿರುತ್ತಾನೆ. ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ ಹದಿನಾಲ್ಕರ ಆಸುಪಾಸು. ಹೆಣ್ಣುಮಕ್ಕಳಿಗೆ ಹನ್ನೆರಡು. ಆದರೆ ಸರಾಸರಿ ಅನ್ನೋದು ಯಾರ ಮೈಗೂ ಗೊತ್ತಿಲ್ಲ. ಒಬ್ಬನಿಗೆ ಹನ್ನೆರಡೂವರೆಗೇ ಬರುತ್ತದೆ, ಇನ್ನೊಬ್ಬನಿಗೆ ಹದಿನಾರು. ರಗ್ಬಿಯಲ್ಲಿ ಇದರ ಪರಿಣಾಮ ಜಾಸ್ತಿ, ಯಾಕೆಂದರೆ ಅದು ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಎಂಬತ್ತೈದು ಕೆಜಿಯ ಹುಡುಗ ಚೆಂಡು ಅಪ್ಪಿಕೊಂಡು ನೇರ ಓಡಿದರೆ ಐವತ್ತು ಕೆಜಿಯ ಮೂವರು ಅವನ ಬೆನ್ನಿಗೆ ಜೋತುಬೀಳುತ್ತಾರೆ. ಅವನು ಟ್ರೈ ಹೊಡೆಯುತ್ತಾನೆ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುತ್ತಾನೆ, ಐದು ಪಾಯಿಂಟ್. ಗೆರೆಯ ಹೊರಗೆ ಅಪ್ಪಂದಿರು ಕುಣಿಯುತ್ತಾರೆ. ಸೆಲೆಕ್ಟರ್ ಒಂಬತ್ತು ಬರೆಯುತ್ತಾನೆ. ಆದರೆ ಆ ಹುಡುಗ ಪಾಸ್ ಕೊಡೋದು ಕಲಿತೇ ಇಲ್ಲ. ಕಲಿಯುವ ಅಗತ್ಯ ಅವನಿಗೆ ಬಂದೇ ಇಲ್ಲ. ಹದಿನೇಳಕ್ಕೆ ಮಿಕ್ಕವರೂ ಎಂಬತ್ತೈದು ಆದಾಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅವನ ಮೇಲೂ ನನಗೆ ಕನಿಕರ ಇದೆ. ಬೇಗ ಬೆಳೆದವನಿಗೂ ನಾವು ಮೋಸವೇ ಮಾಡಿದ್ದೇವೆ.

ಹುಟ್ಟಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಇದನ್ನು ಮೊದಲು ಗಮನಿಸಿದರು. ವಯಸ್ಸಿನ ಗಡಿ ಜನವರಿ 1 ಆದರೆ ತಂಡದ ತುಂಬ ಜನವರಿ, ಫೆಬ್ರವರಿ, ಮಾರ್ಚ್‌ನವರು. ಡಿಸೆಂಬರಿನವನು ಅದೇ ವಯಸ್ಸಿನ ಗುಂಪಿನಲ್ಲಿ ಹನ್ನೊಂದು ತಿಂಗಳು ಚಿಕ್ಕವನು. ಇಂಗ್ಲೆಂಡಿನ ರಗ್ಬಿ ಅಕಾಡೆಮಿಗಳಲ್ಲೂ ಅದೇ ಕಂಡಿತು, ಜೊತೆಗೆ ಒಂದು ಸ್ವಾರಸ್ಯವೂ ಕಂಡಿತು. ಒಳಗೆ ಸೇರಿದವರಲ್ಲಿ ದೊಡ್ಡ ತಿಂಗಳಿನವರು, ಅಂದರೆ ಗುಂಪಿನಲ್ಲಿ ಕೆಲವು ತಿಂಗಳು ದೊಡ್ಡವರಾದವರು ಜಾಸ್ತಿ. ಆದರೆ ಮುಂದೆ ದೊಡ್ಡವರ ತಂಡದ ಕರಾರಿನವರೆಗೆ ಹೋದವರ ಪ್ರಮಾಣ ಚಿಕ್ಕ ತಿಂಗಳಿನವರಲ್ಲಿ ಹೆಚ್ಚು. ದಿನಾ ತನಗಿಂತ ದೊಡ್ಡವರ ಕೈಲಿ ಹೊಡೆಸಿಕೊಂಡವನು ತಪ್ಪಿಸಿಕೊಳ್ಳೋದು, ಯೋಚಿಸೋದು ಕಲಿತಿರುತ್ತಾನೆ. ದಕ್ಷಿಣ ಆಫ್ರಿಕಾದ ಆಟಗಾರ ಚೆಸ್ಲಿನ್ ಕೋಲ್ಬಿಯ ಆಟ ನೋಡಿದವರಿಗೆ ಇದು ಅರ್ಥ ಆಗುತ್ತದೆ. 1.7 ಮೀಟರ್ ಆಸುಪಾಸಿನ ಎತ್ತರ. ಮೈ ಚಿಕ್ಕದು ಅನ್ನೋ ಮಾತು ಅವರನ್ನು ಬಹಳ ಕಾಲ ಬಿಡಲಿಲ್ಲ. 2019ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಟ್ರೈ ಹೊಡೆದರು.

ಇಲ್ಲಿ ಒಬ್ಬ ಮೇಷ್ಟ್ರು ಎದ್ದು ಕೇಳಿದರು. 'ಸಾರ್, ಹುಟ್ಟಿದ ದಿನಾಂಕದ ಪಟ್ಟಿ ನಮ್ಮ ಕೈಯಲ್ಲೇ ಇರುತ್ತೆ. ನೋಡಿಕೊಂಡು ಅಂಕ ಕೊಟ್ಟರೆ ಆಯ್ತಲ್ವಾ?'

ನಾನೂ ಹಾಗೇ ಅಂದುಕೊಂಡಿದ್ದೆ. ನೆದರ್‌ಲೆಂಡ್ಸ್‌ನಲ್ಲಿ ಡೇವಿಡ್ ಮ್ಯಾನ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದರು. 2017ರಲ್ಲಿ ಪ್ರಕಟವಾಯಿತು. ಹುಡುಗರ ಫುಟ್‌ಬಾಲ್ ಪಂದ್ಯ, ನೋಡುವವರು ಅನುಭವಿ ಸ್ಕೌಟ್‌ಗಳು, ಅಂದರೆ ಒಳ್ಳೆಯ ಆಟಗಾರರನ್ನು ಹುಡುಕುವವರು. ಒಂದು ಗುಂಪಿಗೆ ವಯಸ್ಸು ಹೇಳಲಿಲ್ಲ. ಅವರು ದೊಡ್ಡ ತಿಂಗಳಿನವರ ಕಡೆಗೇ ವಾಲಿದರು. ಇನ್ನೊಂದು ಗುಂಪಿಗೆ ಹುಟ್ಟಿದ ದಿನಾಂಕದ ಪಟ್ಟಿ ಕೊಟ್ಟರು. ಅವರೂ ವಾಲಿದರು! ಮೂರನೇ ಗುಂಪಿಗೆ ಮಾತ್ರ ಹುಡುಗರ ಅಂಗಿಯ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಹಾಕಿ, ಹಾಗೆ ಹಾಕಿದ್ದೇವೆ ಅಂತ ತಿಳಿಸಿ ತೋರಿಸಿದರು. ಆಗ ವಾಲುವುದು ನಿಂತಿತು. ಕೈಯಲ್ಲಿರುವ ಕಾಗದ ಕಣ್ಣನ್ನು ತಿದ್ದುವುದಿಲ್ಲ. ಹುಡುಗ ಓಡುವಾಗ ಅವನ ಬೆನ್ನ ಮೇಲೇ ಕಾಣಬೇಕು. ಇದಕ್ಕೆ ಖರ್ಚು ಏನೂ ಇಲ್ಲ, ನಂಬರ್ ಬಟ್ಟೆಯನ್ನು ಹಂಚುವ ಕ್ರಮ ಬದಲಾಯಿಸಿದರೆ ಸಾಕು.

ಮೈ ಎಷ್ಟು ಬೆಳೆದಿದೆ ಅನ್ನೋದಕ್ಕೂ ಅಂದಾಜಿನ ದಾರಿ ಇದೆ. ಹುಡುಗನ ವಯಸ್ಸು, ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ. ಇಷ್ಟು ಇದ್ದರೆ ಅವನು ಕೊನೆಗೆ ಎಷ್ಟು ಎತ್ತರ ಆಗಬಹುದು, ಈಗ ಅದರಲ್ಲಿ ನೂರಕ್ಕೆ ಎಷ್ಟು ಮುಟ್ಟಿದ್ದಾನೆ ಅಂತ ಒಂದು ಸೂತ್ರದಿಂದ ತೆಗೆಯುತ್ತಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ವಯಸ್ಸಿನ ಬದಲು ಈ ಲೆಕ್ಕದಲ್ಲಿ ಗುಂಪು ಮಾಡಿ ಆಡಿಸಿದರೆ, ಬೇಗ ಬೆಳೆದವನಿಗೆ ಮೊದಲ ಸಲ ತನ್ನಷ್ಟೇ ದೊಡ್ಡವರು ಎದುರಾಗುತ್ತಾರೆ. ಆಗ ಅವನಿಗೆ ನಿಜವಾಗಿ ಆಟ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇದು ಅಂದಾಜು ಅಷ್ಟೇ, ಜಾತಕ ಅಲ್ಲ. ಈ ನಂಬರು ಹಿಡಿದು ಹುಡುಗನನ್ನು ಬಿಟ್ಟುಬಿಟ್ಟರೆ ಮೊದಲಿನ ತಪ್ಪನ್ನೇ ಕ್ಯಾಲ್ಕುಲೇಟರ್ ಇಟ್ಟುಕೊಂಡು ಮಾಡಿದ ಹಾಗೆ.

ಸರಿ, ನೋಡೋದು ಏನನ್ನು?

ಆ ರಿಟೈರ್ ಆದ ಮೇಷ್ಟ್ರ ಹತ್ತಿರ ನಾನು ಕಲಿತದ್ದು ಒಂದೇ ಅಭ್ಯಾಸ. ಐದು ನಿಮಿಷ ಒಬ್ಬನೇ ಹುಡುಗ. ಚೆಂಡು ಎಲ್ಲಿಗಾದರೂ ಹೋಗಲಿ, ಕಣ್ಣು ಅವನ ಮೇಲೆ. ಮೊದಮೊದಲು ಇದು ಹಿಂಸೆ. ಆ ಕಡೆ ಟ್ರೈ ಬಿದ್ದು ಜನ ಕೂಗುತ್ತಿರುತ್ತಾರೆ, ನೀವು ಸುಮ್ಮನೆ ನಡೆಯುತ್ತಿರುವ ಒಬ್ಬ ಹುಡುಗನನ್ನು ನೋಡುತ್ತಾ ನಿಂತಿರುತ್ತೀರಿ. ಆದರೆ ಕಾಣೋದೆಲ್ಲ ಆಗಲೇ ಕಾಣೋದು. ಟ್ಯಾಕಲ್ ಮಾಡಿ, ಅಂದರೆ ಚೆಂಡು ಹಿಡಿದ ಎದುರಾಳಿಯನ್ನು ಅಪ್ಪಿ ಕೆಡವಿ, ತಾನೂ ಬಿದ್ದವನು ಎಷ್ಟು ಬೇಗ ಎದ್ದು ಸಾಲಿಗೆ ಬಂದ? ಬಿದ್ದಲ್ಲೇ ಮಲಗಿ ರೆಫರಿಯನ್ನು ನೋಡುತ್ತಿದ್ದಾನಾ? ಚೆಂಡು ಹಿಡಿದ ಗೆಳೆಯನ ಹಿಂದೆ ಓಡುತ್ತಿದ್ದಾನಾ? ರಗ್ಬಿಯಲ್ಲಿ ಕೈಯಿಂದ ಮುಂದಕ್ಕೆ ಕೊಡುವ ಹಾಗಿಲ್ಲ, ಹಿಂದಕ್ಕೇ ಕೊಡಬೇಕು. ಹಾಗಾಗಿ ಹಿಂದೆ ಓಡಿ ಬರುವವನು ಇಲ್ಲದಿದ್ದರೆ ಎಷ್ಟು ದೊಡ್ಡ ಓಟಗಾರನೂ ಒಂಟಿ. ಹತ್ತು ಸಲ ಹಿಂದೆ ಓಡಿದರೆ ಒಂಬತ್ತು ಸಲ ಚೆಂಡು ಬರೋದಿಲ್ಲ. ಹತ್ತನೇ ಸಲಕ್ಕೂ ಓಡುತ್ತಾನಾ ಅಂತ ನೋಡಬೇಕು.

ಇನ್ನೊಂದು, ತಪ್ಪು ಮಾಡಿದ ಮೇಲಿನ ಮೂವತ್ತು ಸೆಕೆಂಡು. ಟ್ರಯಲ್ಸ್‌ನಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಹಿಂದಿನ ದಿನ ಹೆಸರೂ ಗೊತ್ತಿರದ ಹದಿನಾಲ್ಕು ಜನರ ಜೊತೆ ಆಡುತ್ತಿದ್ದಾರೆ. ಚೆಂಡು ಕೈಜಾರಿದವನು ಮುಂದೆ ಏನು ಮಾಡಿದ? ಒಬ್ಬ ತಲೆ ತಗ್ಗಿಸಿ ನಿಲ್ಲುತ್ತಾನೆ, ಒಬ್ಬ ಪಾಸ್ ಕೊಟ್ಟವನ ಕಡೆ ಕೈ ತೋರಿಸುತ್ತಾನೆ, ಇನ್ನೊಬ್ಬ ಆಗಲೇ ಎದುರಿನವನನ್ನು ಹಿಡಿಯೋಕೆ ಓಡಿರುತ್ತಾನೆ. ನನ್ನ ಪುಸ್ತಕದಲ್ಲಿ ಇದಕ್ಕೆ ಬೇರೆ ಅಂಕಣವೇ ಇತ್ತು. ತಪ್ಪಿಗೆ ಅಂಕ ಕಳೆಯುತ್ತಿರಲಿಲ್ಲ, ಅದರ ಮುಂದಿನದಕ್ಕೆ ಕೊಡುತ್ತಿದ್ದೆ.

ಮಾತು. ಇದನ್ನು ಜನ ಮರೆಯುತ್ತಾರೆ. ಮುಂದೆ ನಿಂತು ತಳ್ಳುವ ಎಂಟು ಜನರಿಗೆ ಹಿಂದಿನಿಂದ ಕೂಗಿ ಹೇಳುವವನು ಒಂಬತ್ತನೇ ನಂಬರಿನವನು. ಅವನ ಬಾಯಿ ನಿಂತರೆ ಅವರಿಗೆ ದಿಕ್ಕು ತಪ್ಪುತ್ತದೆ. ಹಾಗಾಗಿ ಒಂದು ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿ. ಆದರೆ ಇಲ್ಲೂ ಒಂದು ಮೋಸ ಇದೆ. ದೊಡ್ಡ ಶಾಲೆಯ ಹುಡುಗರು ಆಫ್ರಿಕಾನ್ಸ್‌ನಲ್ಲೋ ಇಂಗ್ಲಿಷ್‌ನಲ್ಲೋ ಕೂಗುತ್ತಾರೆ. ಮನೆಯಲ್ಲಿ ಖೋಸಾ ಮಾತಾಡುವ ಹುಡುಗ ಆ ಗುಂಪಿನಲ್ಲಿ ಸುಮ್ಮನಾಗಿಬಿಡುತ್ತಾನೆ. ಅವನಿಗೆ ಆಟ ಗೊತ್ತಿಲ್ಲ ಅಂತ ಅಲ್ಲ. ನಮ್ಮಲ್ಲೂ ಹಳ್ಳಿ ಹುಡುಗ ಸಿಟಿ ಶಾಲೆಯವರ ನಡುವೆ ನಿಂತಾಗ ಏನಾಗುತ್ತೆ ಅಂತ ನೀವು ನೋಡಿದ್ದೀರಿ.

ಟ್ಯಾಕಲ್ ಮಾಡುವಾಗ ತಲೆ ಎಲ್ಲಿಟ್ಟ ಅನ್ನೋದನ್ನು ಮಾತ್ರ ನಾನು ಯಾವ ಮುಲಾಜಿಲ್ಲದೆ ನೋಡುತ್ತೇನೆ. ತಲೆ ಎದುರಿನವನ ಮೈಯ ಪಕ್ಕಕ್ಕೆ, ಹಿಂದಕ್ಕೆ ಬರಬೇಕು. ಅವನ ಮುಂದೆ ಅಡ್ಡ ಬಂದರೆ ಮೊಣಕಾಲೋ ಸೊಂಟವೋ ನೇರ ತಲೆಗೆ ಬಡಿಯುತ್ತದೆ. ಹಾಗೆ ಮಾಡುವವನು ಎಷ್ಟೇ ಧೈರ್ಯವಂತ ಆಗಿರಲಿ, ಅವನನ್ನು ದೊಡ್ಡ ತಂಡಕ್ಕೆ ಹಾಕಬೇಡಿ, ಮೊದಲು ಕಲಿಸಿ. ಎರಡೂ ತಂಡದ ಎಂಟೆಂಟು ಜನ ಬಾಗಿ, ಭುಜ ಕೊಟ್ಟು ಒಬ್ಬರನ್ನೊಬ್ಬರು ತಳ್ಳುತ್ತಾರಲ್ಲ, ಆ ಸ್ಕ್ರಮ್‌ನ ಮುಂದಿನ ಸಾಲಿನ ಮೂವರೂ ಅಷ್ಟೇ. ಅಲ್ಲಿ ಅಭ್ಯಾಸ ಇಲ್ಲದವನನ್ನು 'ಮೈ ದೊಡ್ಡದಿದೆ' ಅಂತ ನಿಲ್ಲಿಸಿದರೆ ಕುತ್ತಿಗೆಗೆ ಅಪಾಯ. ಹತ್ತೊಂಬತ್ತರ ಒಳಗಿನವರ ಆಟದಲ್ಲಿ ಸ್ಕ್ರಮ್ಮನ್ನು ಒಂದೂವರೆ ಮೀಟರಿಗಿಂತ ಮುಂದೆ ತಳ್ಳಬಾರದು ಅಂತ ನಿಯಮ ಇರುವುದು ಸುಮ್ನೆ ಅಲ್ಲ.

ತಲೆಗೆ ಪೆಟ್ಟಿನ ವಿಷಯ ಬಂತು, ಸ್ವಲ್ಪ ನಿಲ್ಲುತ್ತೇನೆ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಸಾಕು, ಹೊರಗೆ ಕರೆಯಬೇಕು, ಆ ದಿನ ಮತ್ತೆ ಇಳಿಸಬಾರದು. ಹುಡುಗರ ರಗ್ಬಿಯಲ್ಲಿ ಇದು ನಿಯಮ. ಆದರೆ ಟ್ರಯಲ್ಸ್ ದಿನ ಹುಡುಗ ಯಾಕೆ ಹೇಳುತ್ತಾನೆ? ಹೊರಗೆ ಹೋದರೆ ಜರ್ಸಿ ಹೋಯಿತು. ಒಬ್ಬ ಹುಡುಗ ಬಿದ್ದು ಎದ್ದವನು ಎದುರಾಳಿ ಸಾಲಿನಲ್ಲಿ ಹೋಗಿ ನಿಂತ. ಎಲ್ಲರೂ ನಕ್ಕರು. ಅವನೂ ನಕ್ಕ. ನಾವು ಹೊರಗೆ ಕರೆದಾಗ ಅತ್ತುಬಿಟ್ಟ. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಒಂದು ನಿಯಮ ಮಾಡಿಕೊಂಡೆವು. ಪೆಟ್ಟಾಗಿ ಹೊರಗೆ ಬಂದವನಿಗೆ ಬೇರೆ ದಿನ ಟ್ರಯಲ್ಸ್ ಇರುತ್ತದೆ, ಅದನ್ನು ಬೆಳಗ್ಗೆ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಬೇಕು. ಆಮೇಲೆ ಹೇಳಿದರೆ ಪ್ರಯೋಜನ ಇಲ್ಲ.

ಓಟದ ಪರೀಕ್ಷೆ, ಬೀಪ್ ಟೆಸ್ಟ್, ಬ್ರಾಂಕೊ ಅಂತ ಐದು ಸುತ್ತಿನ 1,200 ಮೀಟರ್ ಓಟ ಇವೆಲ್ಲ ಇರಲಿ. ಕಳೆದ ವರ್ಷದ ಅವನದೇ ಸಮಯದ ಪಕ್ಕ ಇಟ್ಟು ನೋಡಿದರೆ ಒಳ್ಳೆಯದು. ಬೇರೆಯವನ ಪಕ್ಕ ಇಟ್ಟರೆ ಮತ್ತೆ ಮೈಯನ್ನೇ ಅಳೆದ ಹಾಗೆ.

ಶಾಲೆ ನೋಡಿ ಆರಿಸುವ ರೋಗ ಅಲ್ಲೂ ಜೋರಾಗಿದೆ. ಹೆಸರಾದ ಶಾಲೆಗಳ ಹುಡುಗರು ಸಾಲಾಗಿ ಒಂದೇ ಬಣ್ಣದ ಕಾಲುಚೀಲ ಹಾಕಿ ಬಂದರೆ ಪೆನ್ನು ತಾನೇ ಮೇಲಕ್ಕೆ ಹೋಗುತ್ತದೆ. ಸಿಯಾ ಕೊಲಿಸಿ ಅವರ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಆಗ ಪೋರ್ಟ್ ಎಲಿಜಬೆತ್ ಅನ್ನುತ್ತಿದ್ದ ಊರಿನ ಜ್ವಿಡೆ ಅನ್ನುವ ಬಡವರ ಬಡಾವಣೆಯಲ್ಲಿ ಬೆಳೆದವರು. ಮೊದಲ ಪ್ರಾಂತೀಯ ಟ್ರಯಲ್ಸ್‌ಗೆ ಆಡುವ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದರು. ಹನ್ನೆರಡನೇ ವಯಸ್ಸಿನಲ್ಲಿ ಮೊಸೆಲ್ ಬೇಯ ಒಂದು ಕೂಟದಲ್ಲಿ ಯಾರೋ ಗುರುತಿಸಿ ಒಳ್ಳೆಯ ಶಾಲೆಗೆ ಸ್ಕಾಲರ್‌ಶಿಪ್ ಕೊಡಿಸಿದರು. 2018ರಲ್ಲಿ ದೇಶದ ಟೆಸ್ಟ್ ತಂಡದ ಮೊದಲ ಕಪ್ಪು ನಾಯಕ. 2019, 2023 ಎರಡೂ ವಿಶ್ವಕಪ್ ಎತ್ತಿದರು. ಎಲ್ಲರೂ ಇದನ್ನು ಸ್ಫೂರ್ತಿಯ ಕಥೆ ಅಂತ ಹೇಳುತ್ತಾರೆ. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ಗೆರೆಯ ಹೊರಗೆ ನಿಂತ ಆ ಸೆಲೆಕ್ಟರ್ ನೆನಪಾಗುತ್ತಾರೆ. ಒಳಚಡ್ಡಿ ಕಂಡೂ ಆಟ ನೋಡಿದರಲ್ಲ! ನಾನಿದ್ದರೆ ನೋಡುತ್ತಿದ್ದೆನಾ ಅಂತ.

ನಮ್ಮ ಗುಂಪಿನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದೆವು. ತನ್ನ ಶಾಲೆಯ ಹುಡುಗನ ಬಗ್ಗೆ ಚರ್ಚೆ ಬಂದಾಗ ಆ ಮೇಷ್ಟ್ರು ಹೊರಗೆ ಹೋಗಿ ಕಾಫಿ ಕುಡಿಯಬೇಕು. ಅಂಕ ಬರೆಯುವವರೆಗೆ ಒಬ್ಬರ ಜೊತೆ ಒಬ್ಬರು ಮಾತಾಡಬಾರದು, ಒಬ್ಬರು ಈ ಕಡೆ, ಒಬ್ಬರು ಆ ಕಡೆ. ಒಬ್ಬ ಮೇಷ್ಟ್ರು ಅವತ್ತು ಏಳು ಕಾಫಿ ಕುಡಿದರು.

ಕೊನೆಗೆ ಪಟ್ಟಿ. ಇಪ್ಪತ್ಮೂರು ಜನಕ್ಕೆ 'ಹೌದು' ಅನ್ನೋದು ಸುಲಭ. ಮಿಕ್ಕ ಎಪ್ಪತ್ತು ಎಂಬತ್ತು ಹುಡುಗರಿಗೆ ಏನು ಹೇಳುತ್ತೀರಿ? ಗೋಡೆಗೆ ಕಾಗದ ಅಂಟಿಸಿ ಕಾರು ಹತ್ತುವುದು ರೂಢಿ. ನಾವು ಪ್ರತಿಯೊಬ್ಬನಿಗೂ ಎರಡು ಸಾಲು ಬರೆದು ಕೊಡುತ್ತಿದ್ದೆವು. ಒಂದು ಸಾಲು ನಾವು ಕಂಡದ್ದು, ಒಂದು ಸಾಲು ಮುಂದೆ ನೋಡಲು ಬಯಸುವುದು. 'ಎಡಗೈ ಕಡೆಗೆ ಪಾಸ್ ಮಾಡುವಾಗ ನಿಲ್ಲುತ್ತೀಯ, ಓಡುತ್ತಲೇ ಕೊಡೋದು ರೂಢಿ ಮಾಡಿಕೊ.' ಇಷ್ಟೇ. 'ಚೆನ್ನಾಗಿ ಆಡಿದೆ, ಬೇಜಾರು ಮಾಡ್ಕೋಬೇಡ' ಅನ್ನೋದನ್ನು ಬರೆಯಬಾರದು ಅಂತ ಮಾಡಿಕೊಂಡಿದ್ದೆವು. ಅದರಿಂದ ಹುಡುಗನಿಗೆ ಏನೂ ಗೊತ್ತಾಗಲ್ಲ. ಎರಡು ಸಾಲು ಬರೆಯೋಕೆ ಏನೂ ಹೊಳೆಯದಿದ್ದರೆ, ನಾವು ಅವನನ್ನು ನೋಡಿಯೇ ಇಲ್ಲ ಅಂತ ಅರ್ಥ. ಅಂಥವನನ್ನು ಇನ್ನೊಂದು ಆಟಕ್ಕೆ ಇಳಿಸಿ ನೋಡುತ್ತಿದ್ದೆವು. ಮಳೆ ಇದ್ದರೂ ಸರಿ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. 'ಸಾರ್, ವಯಸ್ಸಿನ ಕ್ರಮದಲ್ಲಿ ನಂಬರ್ ಕೊಡಿ ಅಂದ್ರಿ. ನನ್ನ ಶಾಲೆ ರಿಜಿಸ್ಟರ್ ತೆಗೆದರೆ ಅರ್ಧ ಹುಡುಗರು ಜೂನ್ 1ರವರು. ಎಲ್ಲರಿಗೂ ಒಂದೇ ನಂಬರ್ ಕೊಡ್ಲಾ?'

ಹಾಲ್ ತುಂಬ ನಗು. ನಾನೂ ನಕ್ಕೆ. ಕ್ರಿಕೆಟ್ಟಿನವರು ಅಂಡರ್-16 ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ, ನಮಗೆ ಅಷ್ಟು ದುಡ್ಡಿಲ್ಲ ಅಂದೆ. ತಾಯಿಯನ್ನು ಕೇಳಿ ಅಂದೆ. ತಾರೀಖು ಕೇಳಬೇಡಿ, ತಾರೀಖು ಕೇಳಿದರೆ ಅವರೂ ಜೂನ್ 1 ಅನ್ನುತ್ತಾರೆ. ಮಳೆಗಾಲವೋ ಸುಗ್ಗಿಯೋ, ಯಾವ ಹಬ್ಬದ ಹಿಂದು ಮುಂದು ಅಂತ ಕೇಳಿ.

ಕೇಳಿದ ಮೇಷ್ಟ್ರು ಕೂರಲಿಲ್ಲ. 'ನಂದೂ ಜೂನ್ 1ನೇ ಸಾರ್' ಅಂದರು. 'ನಮ್ಮವ್ವ ಗೌರಿ ಹಬ್ಬದ ಮಾರನೇ ದಿನ ಅಂತಿದ್ಲು. ಹಂಗಾದ್ರೆ ನಾನು ಮೂರು ತಿಂಗಳು ಚಿಕ್ಕೋನು. ಹತ್ತನೇ ಕ್ಲಾಸಲ್ಲಿ ಜಿಲ್ಲಾ ಟೀಮಿಂದ ಬಿಟ್ಟಿದ್ರು.'